ಅತ್ತೆಯ ಮೀನಿಗೆ ಮೂರು ಚೀಲ

ಎಲ್ಲಕ್ಕೂ ಕಾರಣ ಅತ್ತೆಯ ಕಣ್ಣು. ಪೊರೆ ತೆಗೆಸಿಕೊಂಡಿದ್ದ ಆ ಕಣ್ಣಿನ ಪಟ್ಟಿಯನ್ನು ಅಂದು ಬಿಚ್ಚುವುದಿತ್ತು. ಬೆಳಿಗ್ಗೆ ತನ್ನ ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿದ ಹೆಂಡತಿ, ತಾನು ಹತ್ತುವ ಮುಂಚೆ ಅಳಿಯನಿಗೆ ಅಂಗಳದ ಗಾಜಿನ ತೊಟ್ಟಿಯತ್ತ ಬೆರಳು ತೋರಿಸಿದಳು.

"ರೀ, ಅಮ್ಮ ಬಂದ ತಕ್ಷಣ ದೊಡ್ಡೋನನ್ನ ನೋಡ್ಬೇಕು ಅಂತಾಳೆ. ಈ ಕಂದು ನೀರಲ್ಲಿ ಏನು ಕಾಣತ್ತೆ? ಸಂಜೆಯೊಳಗೆ ತಿಳಿ ಮಾಡಿಡಿ. ಇದೊಂದನ್ನಾದ್ರೂ ಕೆಡಿಸಬೇಡಿ."

ದೊಡ್ಡೋನು ಎಂದರೆ ಅತ್ತೆ ಮಾವ ಜೀವದಂತೆ ಸಾಕಿದ, ಮೊಣಕೈಯುದ್ದದ ಕಿತ್ತಳೆ ಬಣ್ಣದ ಮೀನು. ಅದಕ್ಕೆಂದೇ ಮಾವ ಗೋಡೆಯಿಂದ ಗೋಡೆಗೆ ಆ ತೊಟ್ಟಿ ಕಟ್ಟಿಸಿದ್ದರು. ಒಣ ಎಲೆ ಬಿದ್ದು ಬಿದ್ದು ನೀರು ಕಷಾಯವಾಗಿತ್ತು. ಇನ್ನು ಅಳಿಯನ ಕೈಗುಣ ಮನೆಗೆಲ್ಲ ಗೊತ್ತಿದ್ದದ್ದೇ. ಅವನು ರಿಪೇರಿ ಮಾಡಿದ ಮಿಕ್ಸರ್ ಗುಜರಿ ಸೇರಿತ್ತು, ಅವನು ಬಿಗಿಮಾಡಿದ ನಲ್ಲಿ ಅಡುಗೆಮನೆಗೆ ಸ್ನಾನ ಮಾಡಿಸಿತ್ತು. ಈ ಸಲವಾದರೂ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆ ಪಾಪ ಅವನಿಗೆ.

ಮೀನಿನ ಅಂಗಡಿಯವನು ಮೂರು ಪೊಟ್ಟಣ ಮುಂದಿಟ್ಟ. "ಇದು ಇದ್ದಿಲು, ಬಣ್ಣ, ವಾಸನೆ ಹೀರತ್ತೆ. ಇದು ಜಿಯೋಲೈಟ್ ಕಲ್ಲು, ಅಮೋನಿಯಾ ಹಿಡಿಯತ್ತೆ. ಇದು ರೆಸಿನ್ ಮಣಿ, ಇದ್ದಿಲು ಬಿಟ್ಟಿದ್ದನ್ನೂ ಬಿಡಲ್ಲ. ನಿಮ್ಮ ನೀರಿಗೆ ಏನು ತೊಂದ್ರೆ?"

"ಒಳಗೆ ಏನೂ ಕಾಣಲ್ಲ."

"ಅದು ನಿಮ್ಮ ತೊಂದ್ರೆ. ನೀರಿನ ತೊಂದ್ರೆ ಏನು?"

ಅಳಿಯ ಮೂರೂ ಪೊಟ್ಟಣಗಳತ್ತ ಬೆರಳು ತೋರಿಸಿದ. ಮೂರನ್ನೂ ಕಟ್ಟಿಸಿಕೊಂಡು ಬಂದ.

ಗೇಟು ತೆರೆಯುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಕಾಂಪೌಂಡಿನ ಮೇಲೆ ಮುಖ ತೂರಿಸಿದರು. "ಅಳಿಯಂದಿರೇ, ನೀರನ್ನ ಪರೀಕ್ಷೆ ಮಾಡದೆ ಏನೂ ಹಾಕಬಾರದು."

ಈಜುಕೊಳ ನೋಡಿಕೊಳ್ಳುವ ಎದುರು ಮನೆಯಾತ ಅಷ್ಟರಲ್ಲಿ ಒಳಗೇ ಬಂದಿದ್ದ. "ಪರೀಕ್ಷೆ ಯಾರಿಗೆ ಬೇಕು ಮೇಷ್ಟ್ರೇ? ಕ್ಲೋರಿನ್ ಸುರೀಲಿ, ಮುಗೀತು."

"ಮೀನು ಸಾಯಲ್ವಾ?" ಅಂದ ಅಳಿಯ.

"ನಮ್ಮ ಕೊಳದಲ್ಲಿ ಇವತ್ತಿನವರೆಗೂ ಒಂದು ಮೀನೂ ಸತ್ತಿಲ್ಲ."

ಇದನ್ನು ಒಪ್ಪಬೇಕೋ ಬಿಡಬೇಕೋ ತಿಳಿಯದೆ ಅಳಿಯ ಇದ್ದಿಲನ್ನು ಬಲೆಚೀಲಕ್ಕೆ ತುಂಬಿ, ಫಿಲ್ಟರ್ ಪೆಟ್ಟಿಗೆಯಲ್ಲಿಟ್ಟು ಪಂಪ್ ಹಾಕಿದ. ಕಂದು ನೀರು ನೋಡನೋಡುತ್ತ ಕಪ್ಪಾಯಿತು.

"ತೊಳೆದ್ರಾ?" ಮೇಷ್ಟ್ರು ಕೇಳಿದರು.

"ಇದ್ದಿಲನ್ನ ತೊಳೀತಾರಾ?"

"ಮಸಿ ಹೋಗೋವರೆಗೂ ತೊಳೀಬೇಕು. ತೆಗೀರಿ, ಮೊದಲು ಕಲ್ಲಿಡಿ."

"ಕಲ್ಲು ಕೊನೇಲಿ. ಮಣಿ ಮೊದಲು," ಅಂದ ಎದುರು ಮನೆಯಾತ.

ಅಳಿಯ ಇಟ್ಟ, ತೆಗೆದ, ತೊಳೆದ, ಮತ್ತೆ ಇಟ್ಟ. ಮೇಲಿನ ಚೀಲ ಕೆಳಗೆ ಹೋಯಿತು, ಕೆಳಗಿನದು ಮೇಲೆ ಬಂತು. ಅವರಿಬ್ಬರೂ ಒಂದೇ ಮಾತು ಹೇಳುತ್ತಿದ್ದಾರೋ ಬೇರೆ ಬೇರೆಯೋ ಎಂಬುದೂ ತಿಳಿಯದಷ್ಟು ತಲೆ ಚಿಟ್ಟುಹಿಡಿದು, ಮೂರು ಚೀಲವನ್ನೂ ಒಟ್ಟಿಗೆ ತುರುಕಿ, ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟ.

ಯಾವುದು ಕೆಲಸ ಮಾಡಿತೋ ಯಾರಿಗೂ ಗೊತ್ತಾಗಲಿಲ್ಲ. ಆದರೆ ಬಿಸಿಲು ಇಳಿಯುವ ಹೊತ್ತಿಗೆ ತಳದ ಎಲೆಯ ನರಗಳೂ ಕಾಣುವಷ್ಟು ನೀರು ತಿಳಿಯಾಯಿತು. ಅಳಿಯ ಹಿಗ್ಗಿ ಗಾಜಿಗೆ ಮೂಗು ಒತ್ತಿದ. ಪುಡಿ ಮೀನುಗಳು ಓಡಾಡುತ್ತಿದ್ದವು. ಎಂದೋ ಕಳೆದುಹೋದ ಒಂದು ಚಮಚವೂ ಸಿಕ್ಕಿತು. ದೊಡ್ಡೋನು ಮಾತ್ರ ಇಲ್ಲ.

ಅವನು ಚಪ್ಪಲಿ ಕಿತ್ತೆಸೆದ. ಪ್ಯಾಂಟು ಮಡಚಿ ನೀರಿಗಿಳಿದು ಎಲೆಯ ರಾಶಿಯನ್ನೆಲ್ಲ ತಡಕಿದ.

"ಬೆಳಿಗ್ಗೆ ಕೂಡ ನೋಡಿದ್ದೆ, ಚೆನ್ನಾಗಿತ್ತು," ಅಂದರು ಮೇಷ್ಟ್ರು, ಆ ಕಂದು ನೀರಿನಲ್ಲೂ ಕಂಡವರಂತೆ. "ಪರೀಕ್ಷೆ ಮಾಡಿ ಅಂದೆ, ಕೇಳಲಿಲ್ಲ."

ಎದುರು ಮನೆಯಾತ ಏನೋ ಹೇಳಲು ಬಾಯಿ ತೆರೆದ, ಹೊರಗೆ ಕಾರು ನಿಂತ ಸದ್ದಾಯಿತು. ಇಬ್ಬರೂ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

ಹೆಂಡತಿ ಅತ್ತೆಯನ್ನು ಕೈಹಿಡಿದು ಒಳಗೆ ಕರೆದೊಯ್ದಳು. ಮಾವ ನೇರ ತೊಟ್ಟಿಯ ಬಳಿ ಬಂದವರು, ಒಳಗೆ ಇಣುಕಿ ಬಿಳಿಚಿಕೊಂಡರು.

"ಇದನ್ನ ಯಾಕೆ ತಿಳಿ ಮಾಡಿದ್ರಿ?" ಪಿಸುಗುಟ್ಟಿದರು. "ಆ ಮೀನು ಎಂದೋ ಮಾಯವಾಗಿದೆ. ಹದ್ದು ಒಯ್ತೋ ಏನೋ. ಅವಳಿಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ ಅಂತ ನಾನೇ ಎಲೆ ಹಾಕಿ ಹಾಕಿ ನೀರು ಕಂದು ಮಾಡಿಟ್ಟಿದ್ದೆ. ಈಗ ನೀವೇ ಏನೋ ಹಾಕಿದ್ದಕ್ಕೆ ಇವತ್ತು ಸತ್ತುಹೋಯ್ತು ಅಂದುಬಿಡಿ. ಇಷ್ಟು ದಿನ ನಾನು ಸುಳ್ಳು ಹೇಳಿದೆ ಅಂತ ಅವಳಿಗೆ ತಿಳೀಬಾರದು. ಯಾರಿಗೂ ಹೇಳಬೇಡಿ, ನಿಮ್ಮ ಹೆಂಡತಿಗೂ."

ಅಳಿಯ ಕಕ್ಕಾಬಿಕ್ಕಿಯಾಗಿ ತಲೆಯಾಡಿಸಿದ. ಅಷ್ಟರಲ್ಲಿ ಅತ್ತೆ ಬಂದರು. ಗಾಜಿನೊಳಗೆ ಒಮ್ಮೆ ನೋಡಿ, "ರೀ, ನನ್ನ ಕಣ್ಣಿನ ಹನಿ ಔಷಧಿ ಕಾರಲ್ಲೇ ಉಳೀತು" ಎಂದು ಮಾವನನ್ನು ಸಾಗಹಾಕಿದರು.

"ಅಳಿಯಂದಿರೇ, ನಿಮ್ಮ ಕಾಲು ಹಿಡ್ಕೋತೀನಿ. ದೊಡ್ಡೋನು ಸತ್ತು ತೇಲ್ತಿತ್ತು, ನಾನೇ ಹಿಂದಿನ ಗಿಡದ ಬುಡದಲ್ಲಿ ಹೂತೆ. ನಿಮ್ಮ ಮಾವನಿಗೆ ಅದು ಮಗು ಇದ್ದ ಹಾಗೆ. ಅವರಿಗೆ ಕಾಣಬಾರದು ಅಂತ ಅಂಗಳದ ಎಲೆಯೆಲ್ಲ ಗುಡಿಸಿ ಇದರೊಳಗೇ ಸುರೀತಿದ್ದೆ. ನಿಮ್ಮ ಕೈಯಿಂದ ಸತ್ತಿತು ಅಂತ ಹೇಳಿಬಿಡಿ. ಮಗಳಿಗೂ ಬಾಯಿಬಿಡಬೇಡಿ, ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ."

ಮಾವ ಔಷಧಿ ತಂದರು. ಹೆಂಡತಿಯೂ ಹೊರಬಂದಳು. ಮೂವರ ನಡುವೆ ಅಳಿಯ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

"ನನ್ನಿಂದ ತಪ್ಪಾಯ್ತು. ಮೂರು ಚೀಲ ಒಟ್ಟಿಗೆ ಹಾಕಿದೆ. ದೊಡ್ಡೋನು ಸತ್ತುಹೋದ. ಎತ್ತಿ ಹೂತುಬಿಟ್ಟೆ."

"ಥೂ, ಎಂಥ ಕೈಯಯ್ಯಾ ನಿಂದು," ಎಂದು ಮಾವ ಬೀದಿಗೆಲ್ಲ ಕೇಳುವಂತೆ ಗುಡುಗಿದರು. ನೀವು ಎನ್ನುತ್ತಿದ್ದವರು ಏಕವಚನಕ್ಕಿಳಿದಿದ್ದರು. ಅತ್ತೆ ಹೊಸ ಕಣ್ಣಿಗೆ ಸೆರಗೊತ್ತಿಕೊಂಡು, "ನೀವು ಸಂಕಟ ಪಡಬೇಡಿ" ಎಂದು ಗಂಡನ ಬೆನ್ನು ಸವರಿದರು. "ನೀನು ಧೈರ್ಯ ತಗೋ," ಎಂದು ಮಾವ ಅತ್ತೆಯ ಕೈಹಿಡಿದರು.

ಹೆಂಡತಿ ಮಾತ್ರ ನಿಜವಾಗಿ ಅಳುತ್ತಿದ್ದಳು. "ಇನ್ನು ನನ್ನನ್ನ ಮಾತಾಡಿಸಬೇಡಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳಿಯ ದಿಕ್ಕು ತೋಚದೆ ಅತ್ತೆಯ ಮುಖ ನೋಡಿದ, ಮಾವನ ಮುಖ ನೋಡಿದ. ಇಬ್ಬರೂ ತುಟಿಯ ಮೇಲೆ ಬೆರಳಿಟ್ಟುಕೊಂಡರು, ಒಬ್ಬರಿಗೊಬ್ಬರು ಕಾಣದ ಹಾಗೆ.