ನಮ್ಮ ಕಾಕಾ ಆರಾಮ ಅದಾನ

ಯಮನೇ ಬಂದು ನಮ್ಮ ಕಾಕಾನ ಕೊರಳಿಗೆ ಹಗ್ಗ ಹಾಕಿ, ಎಳೆಯುವ ಮುಂಚೆ ಮರ್ಯಾದೆಗೆಂದು ‘ಹೆಂಗದೀಯಪಾ?’ ಅಂತ ಒಂದು ಮಾತು ಕೇಳಿದ ಅಂತಿಟ್ಟುಕೊಳ್ಳಿ. ಈ ಮನುಷ್ಯ ಏನೆನ್ನುತ್ತಾನೆ ಗೊತ್ತೇ? ‘ಆರಾಮ ಅದೀನ್ರಿ, ನೀವು?’ ಎನ್ನುತ್ತಾನೆ. ಅಷ್ಟಕ್ಕೇ ಬಿಡುವವನೂ ಅಲ್ಲ. ಕುರಿ ಕಾಯ್ದ ಮನೆತನದವನು ನೋಡಿ, ಕೋಣ ಸರಿಯಾಗಿ ಮೇಯುತ್ತದೋ ಇಲ್ಲವೋ ಎಂದು ವಿಚಾರಿಸಿ, ಅದರ ಮುಂದೆ ಒಂದು ಹೊರೆ ಮೇವನ್ನೂ ಹಾಕಿಸಿಯಾನು!

ನಗಬೇಡಿ. ಆ ಒಂದು ಮಾತಿನಿಂದ ನಮ್ಮ ಮನೆಗೆ ಆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಊರು ಮೇಲವಂಕಿ. ಉದ್ಯೋಗ ಛಾವಣಿಗೆ ಪತ್ರಾ, ಅಂದರೆ ತಗಡಿನ ಹಾಳೆ, ಹೊದಿಸುವುದು. ಹುಕ್ಕೇರಿಯ ಕಾಂಟ್ರಾಕ್ಟರ್ ಒಬ್ಬನ ಕೈಕೆಳಗೆ ವರ್ಷಗಟ್ಟಲೆ ದುಡಿದ. ಆ ಕಾಂಟ್ರಾಕ್ಟರನ ಹತ್ತಿರ, ಮೇಲಿಂದ ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟು ಇರಲಿಲ್ಲ ಎಂದು ಯಾರೂ ಆಡಿಕೊಳ್ಳುವಂತಿಲ್ಲ. ಇತ್ತು. ಒಂದೇ ಒಂದು! ಕೆಲಸ ಶುರುವಾಗುವ ದಿನ ಎಲ್ಲರೂ ಸರತಿಯಲ್ಲಿ ನಿಂತು ಅದನ್ನು ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಆಮೇಲೆ ಬೆಲ್ಟು ಅವನ ಗಾಡಿಯ ಸೀಟಿನ ಕೆಳಗೆ ಹೋಗಿ ಮಲಗುತ್ತಿತ್ತು. ಬಿಸಿಲು ತಾಗಬಾರದು, ಮಳೆ ತಾಗಬಾರದು. ಬೆಲ್ಟಿಗೆ ಇದ್ದ ರಕ್ಷಣೆ ಅದನ್ನು ಕಟ್ಟಿಕೊಳ್ಳಬೇಕಾದ ಮನುಷ್ಯರಿಗೆ ಇರಲಿಲ್ಲ.

ಮೂಡಲಗಿಯಲ್ಲಿ ಒಂದು ಗೋದಾಮಿಗೆ ಪತ್ರಾ ಹೊದಿಸುವಾಗ ಕಾಕಾ ಮೇಲಿಂದ ಬಿದ್ದ. ಎರಡು ಮಾಳಿಗೆಯಷ್ಟು ಎತ್ತರ, ಕೆಳಗೆ ಗಟ್ಟಿ ಕಾಂಕ್ರೀಟು. ಸೊಂಟ ಮುರಿಯಿತು, ಬೆನ್ನೆಲುಬಿಗೂ ಪೆಟ್ಟಾಯಿತು. ಓಡಿ ಬಂದ ಮೇಸ್ತ್ರಿ ಗಾಬರಿಯಿಂದ ಹೆಂಗದೀಯಪಾ ಎಂದು ಕೇಳಿದನಂತೆ. ಕಣ್ಣಿಗೆ ಕತ್ತಲು ಕಟ್ಟುತ್ತಿದ್ದ ಕಾಕಾ ಏನಂದ ಅಂತ ಬೇರೆ ಹೇಳಬೇಕೇ?

“ಆರಾಮ ಅದೀನಿ. ಮ್ಯಾಲಿನ ಪತ್ರಾ ಸಡ್ಲ ಐತಿ, ಮದಲ ಅದನ್ನ ಹಿಡೀರಿ.”

ಅವರು ಹಿಡಿದರು! ಆರಾಮ ಇದ್ದಾನಂತಲ್ಲ ಎಂದುಕೊಂಡು ಮೇಲೆ ಹತ್ತಿ, ಪತ್ರಾಕ್ಕೆ ಬೋಲ್ಟು ಬಿಗಿದು, ಇಳಿದು ಬಂದ ಮೇಲೆ ಗಾಡಿಗೆ ಫೋನು ಮಾಡಿದರು. ಅಷ್ಟರಲ್ಲಿ ಕಾಕಾನ ಎಚ್ಚರ ತಪ್ಪಿತ್ತು. ಇಂಥವರಿಗೆ ಏನೆನ್ನುತ್ತೀರಿ? ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಒಂದು ಆಪರೇಶನ್ ಆಯಿತು. ಇನ್ನೊಂದು ಆಗದಿದ್ದರೆ ಈ ಮನುಷ್ಯ ತನ್ನ ಕಾಲ ಮೇಲೆ ತಾನು ನಿಲ್ಲುವುದು ಕಷ್ಟ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಪರಿಹಾರ ಬಂದರೆ ಆಪರೇಶನ್, ಬಾರದಿದ್ದರೆ ಇಲ್ಲ. ಕಾಂಟ್ರಾಕ್ಟರ್ ಬಾಳೆಹಣ್ಣು ಹಿಡಿದುಕೊಂಡು ಬಂದ, ಹೇಗಿದ್ದೀ ಎಂದು ಕೇಳಿದ, ಆರಾಮ ಎಂಬ ಉತ್ತರ ಪಡೆದ, ಹೋದ. ಆಮೇಲೆ ಫೋನು ಎತ್ತಲಿಲ್ಲ.

ನಾನು ಬಿಡುತ್ತೇನೆಯೇ? ಗೋಕಾಕದ ನನ್ನ ಹೊಲಿಗೆ ಅಂಗಡಿಯ ಬಾಗಿಲೆಳೆದು ನೇರ ಹುಕ್ಕೇರಿಗೆ, ಅವನ ಮನೆಗೇ ಹೋದೆ. ಹೋಗಿ ನೋಡಿದರೆ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲೆ ಕುಳಿತಿದ್ದಾನೆ. ಬಚ್ಚಲಲ್ಲಿ ಜಾರಿ ಬಿದ್ದನಂತೆ. ಎಷ್ಟಾದರೂ ನಾನೂ ಇದೇ ಸೀಮೆಯವಳು, ಬಯ್ಯಲು ಬಂದವಳ ಬಾಯಿಂದ ಮೊದಲು ಹೊರಟದ್ದು ಹೆಂಗದೀರಿ ಎಂಬ ಮಾತೇ.

“ಆರಾಮ ಅದೀನ್ರೀ ಅಕ್ಕಾರ, ನೀವು?” ಎಂದ ಪುಣ್ಯಾತ್ಮ.

ಹಾಗಂದ ಅದೇ ಬಾಯಿಂದ, ನಿಮ್ಮ ಕಾಕಾ ತಾನೇ ಆರಾಮ ಅಂದಿದ್ದಾನೆ, ಇನ್ನೆಂಥ ಪರಿಹಾರ ಎಂದು ವಾದಕ್ಕಿಳಿದ! ಅವನು ಆರಾಮ ಅಂದರೆ ಮರ್ಯಾದೆ, ನಮ್ಮ ಕಾಕಾ ಅಂದರೆ ಸಾಕ್ಷಿ! ಇದ್ಯಾವ ಊರಿನ ನ್ಯಾಯ? ಇಷ್ಟನ್ನೂ ಅವನ ಮುಖಕ್ಕೇ ಅಂದೆ. ಅವನು ಒಳಗೆ ತಿರುಗಿ ಚಹಾ ಮಾಡಲು ಹೇಳಿದ. ಕುಡಿಯದೆ ಎದ್ದು ಬಂದು, ಬಸ್ ಸ್ಟ್ಯಾಂಡಿನಲ್ಲಿ ನನ್ನ ದುಡ್ಡಿನದೇ ಕುಡಿದೆ.

ಕೇಸು ಹಾಕಿದೆವು. ಈಗ ಕಾಂಟ್ರಾಕ್ಟರನ ವಿಮಾ ಕಂಪನಿಯ ಸರದಿ. ವಿಚಾರಣೆಗೆಂದು ಅವರ ಕಡೆಯವನೊಬ್ಬ ಮೋಟರ್ ಸೈಕಲ್ಲಿನ ಮೇಲೆ ಮೇಲವಂಕಿಗೆ ಬಂದ. ಬಹಳ ನಯದ ಮಾತಿನವನು. ಮನೆಗೆ ಬಂದವರು ನಿಂತೇ ಇರುವುದನ್ನು ಕಾಕಾ ನೋಡಿಯಾನೇ? ಕೋಲು ಊರಿ, ಗೋಡೆ ಹಿಡಿದು ಎದ್ದು, ಕುರ್ಚಿಯನ್ನು ತಾನೇ ಅವನತ್ತ ಎಳೆದ. ನೋವಿಗೆ ಬಿಗಿದ ಹಲ್ಲು ಅವನಿಗೆ ನಗುವಿನಂತೆ ಕಂಡಿತೋ ಏನೋ, ಅದೇ ಗಳಿಗೆಗೆ ಫೋಟೋ ಹೊಡೆದುಕೊಂಡ. ಚಹಾ ಆಯಿತು, ಚುರುಮುರಿ ಆಯಿತು. ಹೋಗುವಾಗ ಹಿತ್ತಲಿನ ನುಗ್ಗೆಕಾಯಿಯನ್ನೂ ಕಟ್ಟಿಸಿಕೊಂಡು ಹೋದ. ನಮ್ಮ ನುಗ್ಗೆಕಾಯಿಯ ಸಾರು ಉಂಡು, ಅರ್ಜಿದಾರ ಎದ್ದು ಓಡಾಡಿಕೊಂಡು ಆರಾಮವಾಗಿದ್ದಾನೆ ಎಂದು ವರದಿ ಬರೆದ. ಅವನಿಗೆ ಆ ಸಾರು ಹೇಗೆ ಮೈಗೆ ಹತ್ತಿತೋ!

ವರದಿ ಓದಿ ನಮ್ಮ ವಕೀಲರು ತಲೆ ಹಿಡಿದುಕೊಂಡರು. ಕೋರ್ಟಿನಲ್ಲಿ ಆ ಶಬ್ದ ಬಾಯಿಂದ ಬಂದರೆ ಕೇಸು ಮುಗಿಯಿತು ಎಂದು ಕಾಕಾನಿಗೆ ತಾಕೀತು ಮಾಡಿದರು. ಸರಿ, ನಾನು ಮನೆಯಲ್ಲಿ ತಾಲೀಮು ಶುರುಮಾಡಿದೆ. ಜಡ್ಜ್ ಸಾಹೇಬರಂತೆ ಎದುರಿಗೆ ಕೂತು ಹೆಂಗದೀರಿ ಎಂದು ಕೇಳುವುದು, ಕಾಕಾ ‘ಆರಾ...’ ಎಂದು ಬಾಯಿ ತೆರೆಯುವುದು, ನಾನು ಚೀರುವುದು. ಸಾಲಿಯ ಮಕ್ಕಳಿಗೆ ಮಗ್ಗಿ ಕಲಿಸುವುದು ಇದಕ್ಕಿಂತ ಸಲೀಸು. ಕಡೆಗೆ ನನ್ನ ತಾಳ್ಮೆ ಕೆಟ್ಟು, ಖರೆ ಹೇಳಲು ನಿನಗೇನು ಧಾಡಿ ಎಂದು ಕೇಳಿಬಿಟ್ಟೆ.

“ಪಾಪ, ಕೇಳಿದವರು ಮನಿಗೆ ಹೋಗಿ ಉಣ್ಣಬೇಕಲ್ಲವಾ,” ಎಂದ ಕಾಕಾ. “ನನ್ನ ಸೊಂಟದ ಸುದ್ದಿ ಕೇಳಿ ಅವರ ಬಾಯಾಗ ತುತ್ತ ಇಳೀತೈತೇನು?”

ಇದಕ್ಕೆ ಏನು ಹೇಳುತ್ತೀರಿ? ತನಗೆ ತುತ್ತಿಲ್ಲದ ಹಾಗೆ ಮಾಡಿದವರ ತುತ್ತಿನ ಚಿಂತೆ ಇವನಿಗೆ! ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಎದ್ದು ಒಳಗೆ ಹೋದಳು. ಅವಳು ದಡ್ಡಿ ಎಂಬ ಊರಿನ ಕಡೆಯವಳು, ಮೊದಲೇ ಮಾತು ಕಡಿಮೆ. ಕಾಕಾ ಬಿದ್ದ ಮೇಲಂತೂ ಅವನನ್ನು ಎತ್ತುವುದು, ಕೂರಿಸುವುದು, ಕುರಿಗಳನ್ನು ನೋಡುವುದು, ಇಷ್ಟರಲ್ಲೇ ಅವಳ ದಿನ ಸವೆಯುತ್ತಿತ್ತು.

ಗೋಕಾಕದ ಕೋರ್ಟಿನಲ್ಲಿ ಕಾಕಾನ ಸಾಕ್ಷಿಯ ದಿನ ಬಂತು. ಹಿಂದಿನ ಬೆಂಚಿನಲ್ಲಿ ನಾನು, ನನ್ನ ಪಕ್ಕದಲ್ಲಿ ಚಿಗವ್ವ. ನಮ್ಮ ವಕೀಲರ ಸರದಿ ಮುಗಿದು ಕಂಪನಿಯ ವಕೀಲ ಎದ್ದ. ಪಕ್ಕಾ ಆಸಾಮಿ! ಕೈಯಲ್ಲಿದ್ದ ವರದಿ ಮುಚ್ಚಿಟ್ಟು, ಮನೆಯ ಅಳಿಯನಷ್ಟು ಪ್ರೀತಿಯಿಂದ ಒಂದೇ ಪ್ರಶ್ನೆ ಹಾಕಿದ.

“ಹೆಂಗದೀರಿ, ಕಾಕಾರ?”

ಕಾಕಾನ ಬಾಯಿ ತೆರೆಯಿತು. ಮುಚ್ಚಿತು. ತಿರುಗಿ ಒಮ್ಮೆ ನಮ್ಮ ಬೆಂಚಿನತ್ತ ನೋಡಿದ. ಆಮೇಲೆ ನ್ಯಾಯಾಧೀಶರಿಗೆ ಕೈ ಮುಗಿದ.

“ಸಾಹೇಬ್ರ, ನಮ್ಮ ಮನ್ಯಾಕಿ ಅಲ್ಲಿ ಕುಂತಾಳ. ಅಕಿನ್ನ ಹೊರಗ ಕಳಸ್ರಿ. ಖರೆ ಹೇಳತೇನಿ.”

ನ್ಯಾಯಾಧೀಶರು ಆಗಲಿ ಎಂದು ತಲೆಯಾಡಿಸಿದರು. ಚಿಗವ್ವ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದಳು.

“ಆರಾಮ ಇಲ್ರಿ,” ಎಂದ ಕಾಕಾ. “ಎಡಗಾಲ ನಂದು ಅಂತ ಅನಸೂದ ಇಲ್ಲ. ಕುಂತ್ರ ಏಳಾಕ ಜೀವ ಹೋಗತೈತಿ. ಬಚ್ಚಲಕ್ಕೂ ಅಕೀನ ಎತಗೊಂಡ ಒಯ್ಯತಾಳ. ಇದನ್ನೆಲ್ಲಾ ಅಕಿ ಮುಂದ ಅಂದ್ರ ಅಕಿ ಕೈ ಸೋತ ಹೋಗತಾವ್ರಿ.”

ಕಂಪನಿಯ ವಕೀಲ ಮುಂದಿನ ಪ್ರಶ್ನೆ ಕೇಳದೆ ಕೂತ. ಜಗತ್ತಿನವರ ಮುಂದೆಲ್ಲ ಆರಾಮ ಆರಾಮ ಅನ್ನುತ್ತಿದ್ದವನು ಹೇಳುತ್ತಿದ್ದದ್ದು ಒಬ್ಬಳಿಗೆ ಕೇಳಿಸಲಿ ಎಂದು. ಪಕ್ಕದಲ್ಲೇ ಕೂತು ತಾಲೀಮು ಮಾಡಿಸಿದ ನನಗೆ ಅದು ಹೊಳೆದಿರಲಿಲ್ಲ.

ಮುಂದೆ ತೀರ್ಪು ನಮ್ಮ ಕಡೆಗೇ ಆಯಿತು, ಎರಡನೆಯ ಆಪರೇಶನ್ನೂ ಆಯಿತು. ಆ ಬೆಲ್ಟಿನವನ ಮೇಲೆ ನನ್ನ ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯುವುದೂ ಬೇಡ.

ಅಂದು ಸಾಕ್ಷಿ ಮುಗಿಸಿ ಕಾಕಾನನ್ನು ಹಿಡಿದುಕೊಂಡು ಹೊರಗೆ ಬಂದೆ. ಚಿಗವ್ವ ಬಾಗಿಲ ಬಾಜೂಕ್ಕೇ ನಿಂತಿದ್ದಳು. ಕೋರ್ಟಿನ ಬಾಗಿಲು ಎಂದಾದರೂ ಪೂರ್ತಿ ಮುಚ್ಚಿದ್ದುಂಟೇ? ಅವಳ ಕಣ್ಣು ಕೆಂಪಗಾಗಿದ್ದವು. ಆದರೂ ಸಾಹೇಬರಿಗೆ ಏನು ಹೇಳಿದಿರಿ ಎಂದು ಕೇಳಿದಳು. ಆರಾಮ ಅದೀನಿ ಅಂತ ಹೇಳಿ ಬಂದೆ ಎಂದ ಕಾಕಾ. ಚಿಗವ್ವ ಹೂಂ ಎಂದು, ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಮೆಟ್ಟಿಲ ಹತ್ತಿರ ಕಾಕಾ ನಿಂತು ಅವಳ ಮುಖ ನೋಡಿದ.

“ನೀ ಹೆಂಗದೀ?”

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಆರಾಮ ಅದೀನ್ರಿ,” ಎಂದಳು.