ನಮ್ಮ ಸಂದಿಯ ಮೇಲೆ ಗುಲಾಬಿ ಸುರಿಸಿದ ಸರ್ಫರಾಜ್ ಸಾಹೇಬರಿಗೆ

ಮಾನ್ಯ ಸರ್ಫರಾಜ್ ಸಾಹೇಬರೇ,

ಕಲಬುರಗಿಯ ಸೇಡಂ ರಸ್ತೆಯಲ್ಲಿ ವಿಡಿಯೋ ಸ್ಟುಡಿಯೋ ಇಟ್ಟುಕೊಂಡು, ಜಿಲ್ಲೆಯ ಅರ್ಧ ಮದುಮಕ್ಕಳನ್ನು ಹೂವಿನೊಳಗೆ ಕೂಡಿಸಿ ಹೊರತೆಗೆದಿರುವ ತಮ್ಮ ಕೈಗಳಿಗೆ ಕಮಲಾಪುರದ ರೊಟ್ಟಿ ಶಂಕ್ರಮ್ಮನ ಶರಣು ಶರಣಾರ್ಥಿ. ತಾವೂ ತಮ್ಮ ಕಂಪ್ಯೂಟರೂ ಸುಖವಾಗಿರಲೆಂದು ಹಾರೈಸಿ, ನಾಲ್ಕು ಜನ ಓದಲಿ ಎಂದೇ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮನೆಗೂ ಮೈದುನ ದೇವೀಂದ್ರಪ್ಪನ ಮನೆಗೂ ನಡುವೆ ಒಂದು ಸಂದಿ ಇರುವುದು ತಮಗೆ ಗೊತ್ತು. ನಾವು ಹೆಂಗಸರು ಬಡಿದ ಕಡಕ್ ರೊಟ್ಟಿ ಆ ಸಂದಿಯಿಂದಲೇ ಆಟೋ ಹತ್ತಿ ಕಲಬುರಗಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ಹೋದ ವರ್ಷ ಮೈದುನ ಅಲ್ಲಿ ಗೋಡೆ ಎಬ್ಬಿಸಿ, ಈ ಗೋಡೆ ನಮ್ಮಪ್ಪನ ಕಾಲದ್ದು, ಇಲ್ಲಿ ದಾರಿ ಎಂಬುದೇ ಇರಲಿಲ್ಲ ಎಂದುಬಿಟ್ಟ. ಅಂದಿನಿಂದ ನಮ್ಮ ರೊಟ್ಟಿ ಬುಟ್ಟಿಯಲ್ಲಿ ತಲೆಯೇರಿ, ಹಿತ್ತಲ ತಿಪ್ಪೆ ಬಳಸಿ ಹೋಗತೊಡಗಿತು. ಮುಟ್ಟುವಷ್ಟರಲ್ಲಿ ಅರ್ಧ ಚೂರು. ಚೂರು ರೊಟ್ಟಿ ನಮಗೆ ಬೇಡ ಎಂದು ಖಾನಾವಳಿಯವರು ಬೇರೆ ಊರಿನ ಕಡೆ ಮುಖ ಮಾಡಿದರು. ಈ ದಾರಿ ಹೋದರೆ ನಮ್ಮ ಒಲೆಗಳೆಲ್ಲ ಆರುತ್ತವೆಂದು ಹೆದರಿ ನಾನು ಕೋರ್ಟಿನ ಮೆಟ್ಟಿಲು ಹತ್ತಿದೆ.

ನನ್ನ ವಕೀಲೆ ಜುಬೇದಾ ಬೇಗಂ ಪುರಾವೆ ಕೇಳಿದಾಗ ನೆನಪಾದದ್ದು ತಾವು ಮಾಡಿಕೊಟ್ಟ ಮದುವೆಯ ಡಿವಿಡಿ. ಗೋಡೆ ಏಳುವ ಎಷ್ಟೋ ಮೊದಲು, ಮಗಳು ಸೃಷ್ಟಿಯ ಮದುವೆಯಲ್ಲಿ ಅಳಿಯನ ಮೆರವಣಿಗೆ ಹಲಗಿ ಬಡಿಸಿಕೊಂಡು ಬಂದದ್ದು ಇದೇ ಸಂದಿಯಿಂದ. ನಾನು ಕುಣಿಯುತ್ತಾ ಹೋಗಿ ಹಾಕಿ ನೋಡಿದೆ. ಆಹಾ, ಏನೆಂದು ಹೊಗಳಲಿ! ಮೆರವಣಿಗೆ ಸಂದಿಗೆ ಕಾಲಿಡುತ್ತಲೇ ಆಕಾಶದಿಂದ ಗುಲಾಬಿ ಸುರಿಯಿತು, ಗೋಡೆಗಳು ಮಾಯವಾಗಿ ಹಿಮದ ಬೆಟ್ಟ ಎದ್ದವು, ನಡುವೆ ಬದಾಮಿನಾಕಾರದ ಚೌಕಟ್ಟಿನಲ್ಲಿ ನನ್ನ ಮಗಳು ನಾಚಿಕೊಂಡಳು. ಬೇಸಿಗೆಯಲ್ಲಿ ಡಾಂಬರು ಕರಗುವ ನಮ್ಮೂರಿಗೆ ಹಿಮ ತಂದ ಪುಣ್ಯಾತ್ಮರು ತಾವು. ನನಗೆ ಬೇಕಾದದ್ದು ಮಾತ್ರ ಬಡ ಸಂದಿಯೊಂದು, ಅದೇ ಕಾಣಲಿಲ್ಲ.

ಎದುರು ವಕೀಲರು ಸುಮ್ಮನಿದ್ದಾರೆಯೇ? ಕತ್ತರಿ ಬೀಳದ ಅಸಲಿ ಟೇಪನ್ನೇ ಹಾಜರುಪಡಿಸಿ ಎಂದು ಅರ್ಜಿ ಹಾಕಿದರು. ಓಡೋಡಿ ತಮ್ಮ ಸ್ಟುಡಿಯೋಗೆ ಬಂದರೆ, ತಾವು ಚಹಾ ಕೊಟ್ಟು ಆದರಿಸಿ, ಆ ಟೇಪಿನ ಮೇಲೆ ಯಾರದೋ ಗೃಹಪ್ರವೇಶ ತುಂಬಿಸಿ ಎಷ್ಟೋ ಕಾಲವಾಯಿತೆಂದು ತಿಳಿಸಿದಿರಿ. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದಿರಿ: “ಫಿಕರ್ ಮಾಡಬ್ಯಾಡ್ರಿ ಅಕ್ಕಾ, ಡಿವಿಡಿದಾಗ ಹಿಂದಿನ ಹೊಲಸೇನೂ ಕಾಣಂಗಿಲ್ರಿ.” ಆ ಹೊಲಸಿಗಾಗಿಯೇ ನಾನು ಬಂದದ್ದು, ಸಾಹೇಬರೇ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಯಾರ ಮನೆಯಲ್ಲೋ ಉಕ್ಕಿದ ಹಾಲನ್ನು ಪಾತ್ರೆಗೆ ಮರಳಿ ಇಳಿಸಿ, ಅದರಡಿ ಮಲಗಿರುವ ನನ್ನ ಸಂದಿಯನ್ನು ಎಬ್ಬಿಸಿಕೊಡಬೇಕು. ಅದಾಗದಿದ್ದರೆ ಡಿವಿಡಿಯಲ್ಲಿನ ಗುಲಾಬಿಗಳನ್ನಾದರೂ ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಬೇಕು. ಬುಟ್ಟಿ ನಾನೇ ಕಳಿಸುತ್ತೇನೆ.

ತಮ್ಮ ಉಪಕಾರ ಇಲ್ಲಿಗೂ ನಿಲ್ಲಲಿಲ್ಲ. ಕೋರ್ಟಿಗೆ ಬೇಕೆಂದು ಕೇಳಿದ ಪ್ರಮಾಣಪತ್ರದಲ್ಲಿ, ಈ ಚಿತ್ರದಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲವೆಂದು ಧೈರ್ಯವಾಗಿ ಸಹಿ ಹಾಕಿಕೊಟ್ಟಿರಿ. ಕಮಲಾಪುರದ ಹಿಮಬೆಟ್ಟಕ್ಕೂ ಸೇರಿಸಿ!

ವಿಚಾರಣೆಯ ದಿನ ಕೋರ್ಟಿನಲ್ಲಿ ಡಿವಿಡಿ ಹಾಕಿದರು. ಎದುರು ವಕೀಲರಿಗೆ ಹಬ್ಬ. ಬೆಟ್ಟ ಸುಳ್ಳು, ಹೂವು ಸುಳ್ಳು, ಆದ್ದರಿಂದ ಇಡೀ ಚಿತ್ರವೇ ಸುಳ್ಳು ಎಂದರು. ಆಗ ಗುಲಾಬಿಗಳ ಸಂದಿನಲ್ಲಿ ಮೈದುನ ಕಾಣಿಸಿಕೊಂಡ. ರುಮಾಲು ಬೀಸಿಕೊಂಡು, ಮಂಡಿಯೂರಿ ಎದ್ದು, ಹಲಗಿಯ ಪೆಟ್ಟಿಗೆ ಸರಿಯಾಗಿ ಕುಣಿಯುತ್ತಿದ್ದ. ನಿಜ ಹೇಳಬೇಕೆಂದರೆ ಬಹಳ ಚಂದ ಕುಣಿದಿದ್ದ. ಈ ಕುಣಿತವೂ ಕಂಪ್ಯೂಟರಿನ ಕೈಚಳಕ, ಇದು ನನ್ನ ಕಕ್ಷಿದಾರರೇ ಅಲ್ಲ, ಇವರಿಗೆ ಕುಣಿಯಲು ಬರುವುದೇ ಇಲ್ಲ ಎಂದು ಅವನ ವಕೀಲರು ಹೇಳಿದ್ದೇ ತಡ, ದೇವೀಂದ್ರಪ್ಪ ಕೆಂಪಗಾಗಿ ಎದ್ದು ನಿಂತ.

“ಸಾಹೇಬ್ರ, ಅದು ನಾನೇ ಅದೀನ್ರಿ. ಆ ಸಂದ್ಯಾಗ, ಅತ್ತಿಗಿ ಮನಿ ಬಾಗಲ ತನಾ, ನಾನೇ ಕುಣಕೋತ ಹೋಗೀನ್ರಿ.”

ನ್ಯಾಯಾಧೀಶರು ಆ ಮಾತನ್ನು ಹಾಗೆಯೇ ಬರೆಸಿದರು. ಅವನ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ ರಾಜಿಯಾಯಿತು, ಗೋಡೆ ಇಳಿಯಿತು, ಈ ಬೆಳಿಗ್ಗೆ ಆಟೋ ನನ್ನ ಬಾಗಿಲಿಗೇ ಬಂದು ರೊಟ್ಟಿ ಹೇರಿಕೊಂಡು ಹೋಯಿತು. ಒಂದೂ ಮುರಿದಿಲ್ಲವಂತೆ. ನನ್ನ ಜೀವಕ್ಕೆ ಎಷ್ಟು ಹಗುರಾಯಿತೆಂದು ತಮಗೆ ಹೇಗೆ ತಿಳಿಸಲಿ. ಇದರಲ್ಲಿ ತಮ್ಮ ಪಾಲು ಏನೂ ಇಲ್ಲವಾದರೂ, ಮರ್ಯಾದೆಗಾಗಿ ವಂದಿಸುತ್ತೇನೆ.

ಇನ್ನು ಮುಂದೆಯೂ ತಮ್ಮನ್ನು ನಂಬಿಯೇ ಇರುವ, ಆದರೆ ಮುಂದಿನ ಮದುವೆಯ ಅಸಲಿ ಟೇಪನ್ನು ತಾನೇ ಇಟ್ಟುಕೊಳ್ಳಲಿರುವ ತಮ್ಮ ವಿಶ್ವಾಸಿ,
ಶಂಕ್ರಮ್ಮ, ಕಮಲಾಪುರ

ತಾಜಾ ಕಲಂ: ದೇವೀಂದ್ರಪ್ಪ ಡಿವಿಡಿಯನ್ನು ಮನೆಗೊಯ್ದು ಮತ್ತೆ ಮತ್ತೆ ನೋಡಿದ್ದಾನೆ. ಅವನು ಅಂದು ಬಹಳ ಹೊತ್ತು ಕುಣಿದಿದ್ದನಂತೆ, ತಾವು ಹಿಮ ಹಾಕುವ ಭರದಲ್ಲಿ ಅರ್ಧಕ್ಕೆ ಕತ್ತರಿಸಿದಿರಂತೆ. ಉಳಿದ ಕುಣಿತವನ್ನು ಹಾಜರುಪಡಿಸಿ ಎಂದು ಅವನ ನೋಟಿಸು ತಮಗೆ ಈ ವಾರ ಬರಬಹುದು. ಈ ಸಲ ಅವನ ವಕೀಲೆಯೂ ಜುಬೇದಾ ಬೇಗಂ. ಸಾಕ್ಷಿ ನಾನು.