ಮೊಸಳೆಯ ಹಿಂಗಾಲು

ಹಳೇ ಸಿನಿಮಾಗಳಿಗೆ ಸ್ನಾನ ಮಾಡಿಸುವುದು ನನ್ನ ಕೆಲಸ. ಹಾಗೆಂದರೆ ಯಾರೂ ಹೆಣ್ಣು ಕೊಡಲಾರರೆಂದು ಮದುವೆಗೆ ಮುಂಚೆ 'ಚಲನಚಿತ್ರ ಪುನರುಜ್ಜೀವನ ತಜ್ಞ' ಎಂದು ಹೇಳಿಕೊಂಡಿದ್ದೆ. ಮಾಡುವುದು ಇಷ್ಟೇ: ರೀಲಿನ ಒಂದೊಂದು ಚಿತ್ರವನ್ನೂ ಕಂಪ್ಯೂಟರಿಗೆ ಹತ್ತಿಸಿ, ಅದರ ಮೇಲಿನ ಧೂಳು, ಗೀರು, ಕಲೆಗಳನ್ನು ಕೂತು ಅಳಿಸುವುದು. ಆಫೀಸಿನಲ್ಲಿ ಇಷ್ಟೆಲ್ಲ ಒರೆಸುವ ಮನುಷ್ಯ ಮನೆಯಲ್ಲಿ ಊಟದ ಮೇಜನ್ನೂ ಒರೆಸುವುದಿಲ್ಲ ಎಂಬುದು ನನ್ನ ಹೆಂಡತಿಯ ಶಾಶ್ವತ ದೂರು.

ನಮ್ಮ ಜೊತೆಯಲ್ಲೇ ಇರುವ ನನ್ನ ಮಾವ ಹರೆಯದಲ್ಲಿ ಒಂದು ಸಾಹಸ ಚಿತ್ರ ನಿರ್ದೇಶಿಸಿದ್ದರು. ಹೆಸರು 'ಮೊಸಳೆ ದ್ವೀಪದ ಸಾಹಸಿ'. ದ್ವೀಪ ಅಂದರೆ ನೀರು ನಿಂತ ಕಲ್ಲುಕ್ವಾರಿ. ಶತ್ರುಸೈನ್ಯದ ಶಿರಸ್ತ್ರಾಣಗಳೆಲ್ಲ ಅಡುಗೆಮನೆಯ ಬೋಗುಣಿಗಳು. ಸೈನಿಕರು ಎಡಗಡೆ ಸತ್ತು, ಕ್ಯಾಮೆರಾದ ಹಿಂದಿನಿಂದ ಓಡಿಬಂದು, ಬಲಗಡೆ ಮತ್ತೊಮ್ಮೆ ಸಾಯುತ್ತಿದ್ದರು. ಅಂಥ ಮಹಾಕಾವ್ಯದ ರೀಲುಗಳು ನಮ್ಮನೆಯ ಅಟ್ಟದ ಮೇಲಿದ್ದವು. ರೀಲು ಕೆಡುತ್ತಾ ಬಂದರೆ ವಿನೆಗರಿನಂಥ ಹುಳಿ ವಾಸನೆ ಬರುತ್ತದೆ.

"ರೀ, ಮಲಗೋ ಕೋಣೆವರೆಗೂ ವಾಸನೆ ಬರ್ತಿದೆ. ಏನಾದ್ರೂ ಮಾಡಿ," ಅಂದಳು ಹೆಂಡತಿ.

"ಬಿಡುಗಡೆ ಮಾಡ್ತೀನಿ."

"ವಾಸನೆನಾ?"

"ಸಿನಿಮಾನ ಕಣೇ. ಈಗ ಇಂಥ ಹಳೇ ಅಗ್ಗದ ಸಿನಿಮಾಗಳನ್ನ ತಿದ್ದಿ ತೀಡಿ ಮತ್ತೆ ಥಿಯೇಟರಿಗೆ ಬಿಟ್ರೆ ಜನ ಮುಗಿಬಿದ್ದು ನೋಡ್ತಾರೆ."

ಇದನ್ನು ಕೇಳಿ ಮಾವನ ಕಣ್ಣು ಒದ್ದೆಯಾಯಿತು. ಕೆಲಸ ನಡೆಯುವಾಗ ಇಣುಕಿ ನೋಡಿ ಎಂದರೆ ಮಾತ್ರ ಒಪ್ಪಲಿಲ್ಲ. "ಸಿನಿಮಾ ಅಂದ್ರೆ ಪರದೆ ಮೇಲೆ ನೋಡೋದು. ನಿಮ್ಮ ಟಿವಿ ಡಬ್ಬದಲ್ಲಲ್ಲ," ಅಂದರು. ಅತ್ತೆ ಮಾತ್ರ ಒಂದು ದಿನ ನನ್ನ ಕುರ್ಚಿಯ ಪಕ್ಕ ಕಾಫಿ ಇಟ್ಟು, "ಅಳಿಯಂದಿರೇ, ನಾನೂ ಅದರಲ್ಲಿದೀನಿ," ಎಂದು ಹೇಳಿ, ನಾಚಿಕೊಂಡು, ಯಾವ ಪಾತ್ರ ಎಂದು ಕೇಳುವಷ್ಟರಲ್ಲಿ ಒಳಗೆ ಹೋಗಿಬಿಟ್ಟರು.

ನಾನು ಜಾಣ. ಕೇಳದೆಯೇ ಕಂಡುಹಿಡಿದೆ. ರಾಣಿಯ ಹಿಂದೆ ಹೂಜಿ ಹಿಡಿದು ನಿಂತ ದಾಸಿಯ ಮೂಗು ಥೇಟ್ ಅತ್ತೆಯದೇ. ಆ ದಾಸಿಯ ಕೆನ್ನೆಗೆ ಹೊಳಪು ಕೊಟ್ಟೆ, ಸೀರೆಗೆ ಬಣ್ಣ ತುಂಬಿದೆ, ರಾಣಿಯೇ ದಾಸಿಯಂತೆ ಕಾಣುವ ಹಾಗೆ ಮಾಡಿದೆ.

ಉಳಿದದ್ದು ಮೊಸಳೆ. ಬೆತ್ತ ಬಗ್ಗಿಸಿ, ಲಾರಿಯ ಟಾರ್ಪಾಲು ಹೊದಿಸಿ ಮಾಡಿದ ಆ ಮಹಾಮಕರದೊಳಗೆ ಇಬ್ಬರು ಬಗ್ಗಿಕೊಂಡು ನಡೆಯುತ್ತಿದ್ದರು. ಮುಂದಿನವರು ಕಪ್ಪು ಕಾಲುಚೀಲ ಹಾಕಿದ್ದರು, ಪರವಾಗಿಲ್ಲ. ಹಿಂದಿನವರು ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಮೆಟ್ಟಿದ್ದರು. ಸಾಹಸಿ ಕತ್ತಿ ಝಳಪಿಸುತ್ತ, "ಬಾ, ಯಮಸ್ವರೂಪಿಯೇ," ಎಂದು ಗರ್ಜಿಸಿದರೆ ಯಮಸ್ವರೂಪಿ ಪಟಪಟ ಚಪ್ಪಲಿ ಬಡಿಯುತ್ತ ಬರುತ್ತಿತ್ತು. ಮಾವನ ಮರ್ಯಾದೆ ಉಳಿಸಲೇಬೇಕೆಂದು ಪಣ ತೊಟ್ಟೆ. ರಜೆ ದಿನಗಳನ್ನೆಲ್ಲ ಸುರಿದು ಆ ಪಾದಗಳನ್ನು ಒಂದೂ ಬಿಡದೆ ಅಳಿಸಿಹಾಕಿದೆ. ನನ್ನ ವೃತ್ತಿಜೀವನದಲ್ಲೇ ಅಷ್ಟು ನಾಜೂಕಿನ ಕೆಲಸ ಮಾಡಿರಲಿಲ್ಲ.

ಭಾನುವಾರ ಬೆಳಗಿನ ಆಟ. ಬಸ್ ನಿಲ್ದಾಣದ ಪಕ್ಕದ ಥಿಯೇಟರು ತುಂಬಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು, ಅಕ್ಕತಂಗಿಯರನ್ನೂ ಹೊಲಿಗೆ ಕ್ಲಾಸಿನ ಗೆಳತಿಯರನ್ನೂ ಕರೆತಂದು ಎರಡು ಸಾಲು ಹಿಡಿದಿದ್ದರು. ದಾಸಿ ಬಂದಳು, ಹೊಳೆದಳು, ಹೋದಳು. ನಾನು ಹೆಮ್ಮೆಯಿಂದ ಅತ್ತೆಯ ಕಡೆ ತಿರುಗಿದೆ. ಅವರು ಹಲ್ಲು ಕಚ್ಚಿಕೊಂಡಿದ್ದರು. (ಅವಳು ಮೇಕಪ್ಪಿನವನ ತಂಗಿ, ಅತ್ತೆಗೂ ಅವಳಿಗೂ ಅಂದಿನಿಂದಲೂ ಆಗದು ಎಂಬುದು ಆಮೇಲೆ ತಿಳಿಯಿತು.)

ಮೊಸಳೆ ಬರುವ ಹೊತ್ತಿಗೆ ಅತ್ತೆ ಕುರ್ಚಿಯ ತುದಿಗೆ ಬಂದು, "ಈಗ, ಈಗ ನೋಡ್ರೇ," ಅಂದರು. ಎರಡೂ ಸಾಲುಗಳು ಮುಂದಕ್ಕೆ ಬಾಗಿದವು. ಮೊಸಳೆ ಬಂತು. ಚಪ್ಪಲಿಯಿಲ್ಲ, ಕಾಲಿಲ್ಲ, ಬೆಣ್ಣೆಯ ಮೇಲೆ ಜಾರಿದಂತೆ ದಡದುದ್ದಕ್ಕೂ ಸಾಗಿ ಮರೆಯಾಯಿತು.

"ಎಲ್ಲಿ ನೀನು?" ಎಂದರು ದೊಡ್ಡಕ್ಕ.

ಅತ್ತೆ ಎದ್ದು ಹೊರಗೆ ಹೋದರು.

ಮನೆಗೆ ಬಂದ ಮೇಲೆ ಮಾವ ಹೇಳಿದರು. ಮೊಸಳೆಯ ಹಿಂಭಾಗಕ್ಕೆಂದು ಕರೆತಂದವನು ಕ್ವಾರಿಯ ಆಳ ನೋಡಿ ಓಡಿಹೋಗಿದ್ದನಂತೆ. ಟಾರ್ಪಾಲು ಹೊಲಿಯಲು ಬಂದಿದ್ದ ದರ್ಜಿಯ ಮಗಳು, "ನಾನೇ ಹೊಲಿದದ್ದು, ನಾನೇ ನಡೀತೀನಿ," ಎಂದು ಒಳಗೆ ನುಗ್ಗಿದಳಂತೆ. ಆ ದೃಶ್ಯ ಮುಗಿದ ಕೂಡಲೇ ಮಾವ ಮೊಸಳೆಯ ಬಾಲದ ಹತ್ತಿರ ಮಂಡಿಯೂರಿ, ಟಾರ್ಪಾಲಿನ ಹೊರಗಿನಿಂದಲೇ, "ನನ್ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದರಂತೆ. ಉತ್ತರವಾಗಿ ಎಡಗಾಲಿನ ಚಪ್ಪಲಿ ಎರಡು ಸಲ ನೆಲ ತಟ್ಟಿತಂತೆ.

ಒಳಕೋಣೆಯಲ್ಲಿ ಅತ್ತೆ ಅಳುತ್ತಿದ್ದರು. ಮೊಸಳೆ ಕಣ್ಣೀರು ನಿಜವಾಗಿ ಸುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕ್ಷಮೆ ಕೇಳಿ ಕಾಲಿಗೆ ಬೀಳೋಣವೆಂದರೆ, ಆ ಕಾಲನ್ನೇ ನಾನು ಇಲ್ಲವಾಗಿಸಿದ್ದೆ.

"ನಮ್ಮಮ್ಮನ್ನೇ ಒರೆಸಿ ಹಾಕಿದ್ರಲ್ಲ," ಅಂದಳು ಹೆಂಡತಿ. "ಧೂಳು ಅಂದ್ಕೊಂಡ್ರಾ?"

ಪುಣ್ಯಕ್ಕೆ ಮೂಲ ಚಿತ್ರಗಳು ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ಪಾದಗಳನ್ನು ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿ, ನೀಲಿ ಪಟ್ಟಿಗೆ ಇನ್ನಷ್ಟು ನೀಲಿ ತುಂಬಿದೆ. ದಾಸಿಯ ಕೆನ್ನೆಯ ಹೊಳಪನ್ನು ವಾಪಸು ತೆಗೆದುಕೊಂಡೆ.

ಮುಂದಿನ ಭಾನುವಾರ ಚಪ್ಪಲಿ ಕಂಡದ್ದೇ ತಡ, ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ. ಜನ ನಗುತ್ತಿದ್ದರೆ ಮಾವ ಎದ್ದು, "ಅದು ನನ್ನ ಹೆಂಡತಿ," ಎಂದು ಕೂಗಿ ಹೇಳಿದರು. ಇಡೀ ಥಿಯೇಟರು ಎದ್ದು ನಿಂತಿತು. ಅತ್ತೆ ಸೆರಗು ಸರಿಮಾಡಿಕೊಂಡು ಎಲ್ಲ ದಿಕ್ಕಿಗೂ ಕೈಮುಗಿದರು. ಸಿನಿಮಾ ವಾರಗಟ್ಟಲೆ ಓಡಿತು. ಗೋಡೆ ತುಂಬ ಅಂಟಿಸಿದ ಪೋಸ್ಟರಿನಲ್ಲಿ ಸಾಹಸಿ ಇಷ್ಟೇ ಇಷ್ಟು, ಚಪ್ಪಲಿ ಇಷ್ಟು ದೊಡ್ಡದು.

ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ. ಮಾವನಿಗೆ ಹುರುಪು ಹತ್ತಿತು, ಎರಡನೇ ಭಾಗ ತೆಗೆಯುತ್ತೇನೆಂದು ಹೊರಟರು. ಹಿಂಗಾಲಿಗೆ ಅತ್ತೆಯೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಮುಂಗಾಲಿನವರಿಗೆ ಮಂಡಿನೋವು. ಎಲ್ಲರೂ ನನ್ನನ್ನೇ ನೋಡಿದರು.

ಹೀಗಾಗಿ ಮೊನ್ನೆ ಬೆಳ್ಳಂಬೆಳಗ್ಗೆ ನಾನು ಅದೇ ಕ್ವಾರಿಯ ದಡದಲ್ಲಿ, ಟಾರ್ಪಾಲಿನೊಳಗೆ, ಬೆನ್ನು ಬಗ್ಗಿಸಿ ನಿಂತಿದ್ದೆ. ದಾರಿ ಕಾಣದು. ಹಿಂದಿನಿಂದ ಅತ್ತೆಯ ಆಜ್ಞೆಗಳು: "ಅಳಿಯಂದಿರೇ, ಎಡಕ್ಕೆ. ಮೊಸಳೆ ಹಾಗೆ ಓಡಲ್ಲ, ಗತ್ತಿನಿಂದ ನಡೀರಿ." ಎಡವಿದೆ, ಸಾವರಿಸಿಕೊಂಡೆ, ಮತ್ತೆ ಎಡವಿದೆ.

ಹೊರಗಡೆ ಮಾವ ನಿಟ್ಟುಸಿರು ಬಿಡುವುದು ಕೇಳಿಸಿತು. "ಹಿಂಗಾಲು ಅದ್ಭುತವಾಗಿ ಅಭಿನಯಿಸ್ತಿದೆ. ಈ ಮುಂಗಾಲು ಇಡೀ ದೃಶ್ಯ ಕೆಡಿಸ್ತಿದೆಯಲ್ಲಮ್ಮ."

"ಇರ್ಲಿ ಬಿಡಿ ಅಪ್ಪ," ಅಂದಳು ನನ್ನ ಹೆಂಡತಿ ನೆಮ್ಮದಿಯಾಗಿ. "ಆಮೇಲೆ ಅವರೇ ಕೂತ್ಕೊಂಡು ಅಳಿಸ್ತಾರೆ."